ಕೂರಲು ಜಾಗ ಮೊದಲು, ಕೂತ ಭಂಗಿಯ ಲೆಕ್ಕ ಆಮೇಲೆ

ರೊಬಸ್ಟಾ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಸುಂಟಿಕೊಪ್ಪದ ಪೇಟೆಯಲ್ಲಿ ಅರ್ಧ ಗಂಟೆ ನಿಂತು ನೋಡಿದವರಿಗೆ ನಾವು ಹೇಳುವ ಮಾತು ಹೊಸದಲ್ಲ. ತೋಟಗಳಿಗೆ ಹೋಗುವ ಜೀಪುಗಳೂ ಪಿಕಪ್ ಗಾಡಿಗಳೂ ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಮೊನ್ನೆ ನಾವು ಅಂಥ ಒಂದು ಪಿಕಪ್ಪಿನ ಹಿಂಭಾಗದಲ್ಲಿದ್ದವರನ್ನು ಎಣಿಸಿದೆವು. ಹತ್ತೊಂಬತ್ತು ಜನ. ಅವರಲ್ಲಿ ನಾಲ್ವರು ಅಂಚಿನ ತಗಡಿನ ಮೇಲೆ ಕಾಲು ಒಳಗೆ, ಬೆನ್ನು ಹೊರಗೆ ಮಾಡಿ ಕುಳಿತಿದ್ದರು. ಉಳಿದವರು ಒಬ್ಬರ ಭುಜ ಒಬ್ಬರು ಹಿಡಿದು ನಿಂತಿದ್ದರು. ವಯಸ್ಸಾದ ಒಬ್ಬ ಹೆಂಗಸು ಗೊಬ್ಬರದ ಚೀಲದ ಮೇಲೆ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಮುದುಡಿದ್ದಳು.

"ಅಕ್ಕಾ, ಹೀಗೆ ಕೂತರೆ ತಿರುವಿನಲ್ಲಿ ಬೀಳುವುದಿಲ್ಲವೇ?" ಎಂದು ಕೇಳಿದೆವು.

"ಜಾಗ ಇದ್ದಿದ್ರೆ ಸರಿಯಾಗಿ ಕೂರ್ತಿರ್ಲಿಲ್ವಾ ಮೇಷ್ಟ್ರೇ?" ಎಂದಳು. ಗಾಡಿ ಮಾದಾಪುರದ ರಸ್ತೆಗೆ ಹೊರಳಿತು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅದೇ ವಾರ ನಾವು ಓದಿದ ಒಂದು ಸಂಗತಿಯನ್ನು ಈ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಬೇಕೆನಿಸಿತು. ಮುಂದುವರಿದ ದೇಶಗಳಲ್ಲಿ ಈಗ ಕಾರಿನೊಳಗೆ ಕುಳಿತ ಪ್ರಯಾಣಿಕನು ಯಾವ ಭಂಗಿಯಲ್ಲಿ ಕುಳಿತಿದ್ದಾನೆ, ಬೆನ್ನು ಆಸನಕ್ಕೆ ತಾಗಿದೆಯೇ, ಕಾಲು ಎಲ್ಲಿದೆ, ಪಟ್ಟಿ ಭುಜದ ಮೇಲೆ ಇದೆಯೇ ಕಂಕುಳಿನ ಕೆಳಗೆ ಇದೆಯೇ ಎಂಬುದನ್ನು ಗಾಡಿಯೇ ನೋಡಿಕೊಳ್ಳುವ ಏರ್ಪಾಡು ಆಗುತ್ತಿದೆ. ಆಸನದೊಳಗೆ ತೂಕ ಅಳೆಯುವ ಸಾಧನ, ಮೇಲ್ಛಾವಣಿಯಲ್ಲಿ ಕತ್ತಲಲ್ಲೂ ಕಾಣುವ ಕ್ಯಾಮೆರಾ, ಕೆಲವೆಡೆ ಉಸಿರಾಟದ ಚಲನೆಯನ್ನೂ ಗುರುತಿಸುವ ರಾಡಾರ್. ಯುರೋಪಿನಲ್ಲಿ ಹೊಸ ಕಾರುಗಳಿಗೆ ಸುರಕ್ಷತೆಯ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರ ತನ್ನ ನಿಯಮಗಳಲ್ಲಿ ಇದಕ್ಕೂ ಅಂಕ ಇಟ್ಟಿದೆ. ಓಡಿಸುವವನೇ ಇಲ್ಲದ ಕಾರುಗಳಿಗಂತೂ ಇದು ಇನ್ನೂ ಮುಖ್ಯವೆಂದು ತಜ್ಞರು ಹೇಳುತ್ತಾರೆ.

ಇದು ದೊಡ್ಡವರ ಆಟಿಕೆ, ನಮಗೇಕೆ ಎಂದು ವಾಚಕರು ಪುಟ ಮಗುಚಬಾರದು. ಅಮೇರಿಕದ ಫೀನಿಕ್ಸ್ ನಗರದಲ್ಲಿ ವೇಮೊ ಕಂಪೆನಿಯ ಗಾಡಿಗಳು 2020ರ ಅಕ್ಟೋಬರ್‌ನಲ್ಲೇ ಚಾಲಕನಿಲ್ಲದೆ ಸಾರ್ವಜನಿಕರನ್ನು ಬಾಡಿಗೆಗೆ ಕರೆದೊಯ್ಯತೊಡಗಿದವು. ನಮ್ಮ ಬೆಂಗಳೂರಿನಲ್ಲಿಯೇ 2023ರ ಜೂನ್‌ನಲ್ಲಿ ಮೈನಸ್ ಜೀರೊ ಎಂಬ ಸಣ್ಣ ಕಂಪೆನಿ ಅಂಥದೊಂದು ಗಾಡಿಯನ್ನು ತೋರಿಸಿತು. 2025ರಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ಮಾಡಿದ ಮತ್ತೊಂದು ಕಾರು ಕಾಲೇಜಿನ ಆವರಣದೊಳಗೆ ಓಡಿತು. ಸಂಶೋಧನೆಗಾಗಿ ಇಂಥ ಗಾಡಿಗಳಿಗೆ ಮೋಟಾರು ಕಾಯಿದೆಯಿಂದ ವಿನಾಯಿತಿ ಕೊಡಲು 2019ರ ತಿದ್ದುಪಡಿಯಲ್ಲಿ 2ಬಿ ಎಂಬ ಒಂದು ಕಲಮನ್ನೇ ಸೇರಿಸಿದ್ದಾರೆ. ಬೆಂಗಳೂರಿನಲ್ಲಿ ಇಂದು ಬಂದದ್ದು ಕುಶಾಲನಗರಕ್ಕೆ ನಾಳೆ ಬರುತ್ತದೆ. ಬಂದ ಮೇಲೆ ಅದರ ನಿಯಮ ಕೇಳುವುದಕ್ಕಿಂತ ಬರುವ ಮೊದಲೇ ಕೇಳುವುದು ಮೇಲು.

ಮೊದಲು ಇದರಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಕೂರುವ ರೀತಿಗೂ ಸಾವಿಗೂ ಸಂಬಂಧವಿದೆ. ಕಾರಿನ ಗಾಳಿಚೀಲ ಎಂಬುದು ಡಿಕ್ಕಿಯಾದ ಕೂಡಲೆ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ನೆಟ್ಟಗೆ ದೂರದಲ್ಲಿ ಕುಳಿತವನಿಗೆ ಅದು ದಿಂಬು; ಮುಂದಕ್ಕೆ ಬಾಗಿದವನಿಗೆ ಅದು ಗುದ್ದು. ಅಮೇರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಮುಂಭಾಗದ ಗಾಳಿಚೀಲದ ಹೊಡೆತದಿಂದಲೇ 290ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಲ್ಲಿನ ಸರಕಾರದ ಇಲಾಖೆಯೇ ಲೆಕ್ಕ ಕೊಟ್ಟಿದೆ. ಹೆಚ್ಚಿನವರು ಮಕ್ಕಳು ಮತ್ತು ಚೀಲಕ್ಕೆ ತೀರ ಹತ್ತಿರ ಕುಳಿತವರು. ಇನ್ನು ಓಡಿಸುವ ಕೆಲಸವಿಲ್ಲದ ಕಾರಿನಲ್ಲಿ ಜನ ನೆಟ್ಟಗೆ ಏಕೆ ಕೂರುತ್ತಾರೆ? ಆಸನವನ್ನು ಹಿಂದಕ್ಕೆ ಮಲಗಿಸಿ ನಿದ್ದೆ ಮಾಡುತ್ತಾರೆ. ಹಾಗೆ ಮಲಗಿದ್ದಾಗ ಗಾಡಿ ಗುದ್ದಿದರೆ ಸೊಂಟದ ಪಟ್ಟಿ ಮೂಳೆಯಿಂದ ಜಾರಿ ಹೊಟ್ಟೆಯ ಮೇಲೆ ಬಂದು ಒಳಗಿನ ಅಂಗಗಳನ್ನು ಹಿಂಡುತ್ತದೆ. ಆದ್ದರಿಂದ "ಎದ್ದು ಕೂರಿ" ಎಂದು ಎಚ್ಚರಿಸುವ ಯಂತ್ರ ಜೀವ ಉಳಿಸುವ ಯಂತ್ರ. ಅದರ ಮೇಲೆ ನಮಗೆ ಸಿಟ್ಟಿಲ್ಲ.

ಒಂದು ಮಾತನ್ನು ಇಲ್ಲೇ ನೆನೆಯಬೇಕು. ಇಂದು ಎಲ್ಲ ಕಾರುಗಳಲ್ಲಿರುವ ಮೂರು ಬಿಂದುಗಳ ಪಟ್ಟಿಯನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಾರ್ಖಾನೆಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಕಂಪೆನಿ ಅದರ ಪೇಟೆಂಟನ್ನು ಬಿಗಿಹಿಡಿಯದೆ ಎಲ್ಲ ತಯಾರಕರೂ ಬಳಸುವಂತೆ ಬಿಟ್ಟುಕೊಟ್ಟಿತು. ಬಂಡವಾಳದ ಜಗತ್ತಿನಲ್ಲಿ ಇಂಥದ್ದು ಅಪರೂಪ, ಆದ್ದರಿಂದ ಹೇಳುತ್ತಿದ್ದೇವೆ. ಇಂದು ಭಂಗಿ ನೋಡುವ ಯಂತ್ರದ ಲೆಕ್ಕಾಚಾರವನ್ನು ಯಾವ ಕಂಪೆನಿ ಹಾಗೆ ಬಿಟ್ಟುಕೊಡುತ್ತದೋ ಕಾದು ನೋಡಬೇಕು.

ನಾವು ಏಳು ವರ್ಷ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮಕ್ಕಳು ಹೇಗೆ ಕೂರುತ್ತಾರೆಂದು ನೋಡುವುದೇ ನಮ್ಮ ಅರ್ಧ ಕಸುಬಾಗಿತ್ತು. ನೆಟ್ಟಗೆ ಕೂರು, ಕೈ ಕಟ್ಟು, ಕಾಲು ಅಲ್ಲಾಡಿಸಬೇಡ. ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗ, ಲೈನ್ ಮನೆಯಿಂದ ಬರುವವನು, ಯಾವಾಗಲೂ ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರುತ್ತಿದ್ದ. ಎಷ್ಟು ಸಲ ಗದರಿದೆವೋ, ಒಂದೆರಡು ಸಲ ಕಿವಿಯನ್ನೂ ಹಿಂಡಿದೆವು. ಒಂದು ದಿನ ಕಿಟಕಿ ಸರಿಮಾಡಲು ಬಂದ ಬಡಗಿ, "ಸಾರ್, ಈ ಬೆಂಚು ದೊಡ್ಡ ಹುಡುಗರದ್ದು. ಇವನ ಕಾಲು ನೆಲಕ್ಕೇ ತಾಗೋದಿಲ್ಲ, ನೆಟ್ಟಗೆ ಹೇಗೆ ಕೂರ್ತಾನೆ?" ಎಂದು ಕೇಳಿದ. ನಾಚಿಕೆಯಾಯಿತು. ತಪ್ಪು ಬೆಂಚಿನದು, ಕಿವಿ ಮಾತ್ರ ಹುಡುಗನದು. ಬೆಂಚಿನ ಕೆಳಗೆ ಒಂದು ಹಲಗೆ ಹೊಡೆಸಿದ ಮೇಲೆ ಅವನಿಗೆ ಹೇಳುವುದೇ ಬೇಕಾಗಲಿಲ್ಲ.

ಕಾರಿನ ಆಸನಕ್ಕೂ ಅದೇ ಪ್ರಶ್ನೆ. ಆ ಆಸನವನ್ನು ಯಾರ ಮೈಗೆ ಅಳತೆ ಮಾಡಿದ್ದಾರೆ? ಡಿಕ್ಕಿಯ ಪರೀಕ್ಷೆಗೆ ಕೂರಿಸುವ ಬೊಂಬೆ ದಶಕಗಳಿಂದ ಒಬ್ಬ ಸರಾಸರಿ ಅಮೇರಿಕನ್ ಗಂಡಸಿನ ಆಕಾರದ್ದು. ಅದರ ಫಲವೇನು? 2011ರಲ್ಲಿ ವರ್ಜೀನಿಯ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಪಟ್ಟಿ ಕಟ್ಟಿದ್ದ ಚಾಲಕಿಯರಿಗೆ ಅದೇ ಬಗೆಯ ಡಿಕ್ಕಿಯಲ್ಲಿ ತೀವ್ರ ಗಾಯವಾಗುವ ಸಂಭವ ಗಂಡಸರಿಗಿಂತ ಶೇಕಡಾ 47ರಷ್ಟು ಹೆಚ್ಚು ಎಂದು ಕಂಡಿತು. ಹಿಂದಿನಿಂದ ಗುದ್ದುವ ಪರೀಕ್ಷೆಗೆ ಸರಾಸರಿ ಹೆಂಗಸಿನ ಅಳತೆಯ ಬೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಅವರ ತಂಡ ಮುಂದಿಟ್ಟದ್ದು 2022ರಲ್ಲಿ. ಹೀಗಿರುವಾಗ ಐದಡಿಗಿಂತ ಗಿಡ್ಡಗಿರುವ ನಮ್ಮ ತೋಟದ ಹೆಂಗಸು ಆ ಆಸನದಲ್ಲಿ ಕುಳಿತು, ಪಟ್ಟಿ ಕುತ್ತಿಗೆಗೆ ಒತ್ತುತ್ತದೆಂದು ಅದನ್ನು ಕಂಕುಳಿನ ಕೆಳಗೆ ಸರಿಸಿಕೊಂಡರೆ ಯಂತ್ರ "ತಪ್ಪು ಭಂಗಿ" ಎಂದು ಬರೆದುಕೊಳ್ಳುತ್ತದೆ. ಯಾರ ತಪ್ಪು?

ಬರೆದುಕೊಳ್ಳುತ್ತದೆ ಎಂದೆವು. ನಮ್ಮ ಭಯ ಇರುವುದು ಅಲ್ಲಿಯೇ. ಎಚ್ಚರಿಸುವ ಕಣ್ಣು ಬೇರೆ, ಸಾಕ್ಷಿ ಹೇಳುವ ಕಣ್ಣು ಬೇರೆ.

2018ರ ಮಾರ್ಚ್ 18ರ ರಾತ್ರಿ ಅಮೇರಿಕದ ಟೆಂಪಿ ಎಂಬ ಊರಿನಲ್ಲಿ ಊಬರ್ ಕಂಪೆನಿ ಪರೀಕ್ಷೆಗೆ ಓಡಿಸುತ್ತಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿಗೆ ಗುದ್ದಿ ಕೊಂದಿತು. ಕಾರಿನೊಳಗೆ ಕಾವಲಿಗೆಂದು ಸಂಬಳಕ್ಕೆ ಕೂರಿಸಿದ್ದ ಒಬ್ಬ ನೌಕರಳಿದ್ದಳು. ಅವಳು ತಲೆ ತಗ್ಗಿಸಿ ಫೋನ್ ನೋಡುತ್ತಿದ್ದಳೆಂದು ಒಳಮುಖವಾಗಿದ್ದ ಕ್ಯಾಮೆರಾ ತೋರಿಸಿತು. ತಪ್ಪು ತಪ್ಪೇ, ಅದನ್ನು ನಾವು ಮುಚ್ಚುವುದಿಲ್ಲ. ಆದರೆ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ ಹೊರಬಿದ್ದದ್ದೇನು? ಡಿಕ್ಕಿಗೆ ಐದು ಸೆಕೆಂಡಿಗೂ ಮುಂಚೆ ಯಂತ್ರಕ್ಕೆ ಆ ಹೆಂಗಸು ಕಂಡಿದ್ದಳು; ಆದರೆ ಜನ ದಾಟುಗೆರೆ ಬಿಟ್ಟು ಬೇರೆಡೆ ರಸ್ತೆ ದಾಟಬಹುದೆಂಬುದನ್ನೇ ಅದಕ್ಕೆ ಕಲಿಸಿರಲಿಲ್ಲ. ಕಾರಿನೊಂದಿಗೇ ಬಂದಿದ್ದ ತುರ್ತು ಬ್ರೇಕನ್ನು ಪರೀಕ್ಷೆಯ ವೇಳೆ ಕೆಲಸ ಮಾಡದಂತೆ ಇಟ್ಟಿದ್ದರು. ಕಂಪೆನಿಯ ಸುರಕ್ಷತಾ ವ್ಯವಸ್ಥೆ ಸಾಲದೆಂದು ಮಂಡಳಿ ಬರೆಯಿತು. ಕೊನೆಗೆ? ಕಂಪೆನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಇಲ್ಲವೆಂದು 2019ರಲ್ಲಿ ಸರಕಾರಿ ವಕೀಲರು ತೀರ್ಮಾನಿಸಿದರು. ನೌಕರಳು 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷ ನಿಗಾ ಶಿಕ್ಷೆಗೆ ಒಳಗಾದಳು. ಒಳಕ್ಕೆ ತಿರುಗಿದ ಕ್ಯಾಮೆರಾ ಕೂಲಿಯವಳನ್ನು ಹಿಡಿಯಿತು. ಲೆಕ್ಕಾಚಾರ ಬರೆದ ಮೇಜಿನ ಕಡೆಗೆ ತಿರುಗಿದ ಕ್ಯಾಮೆರಾ ಒಂದೂ ಇರಲಿಲ್ಲ.

ಅದು ಅಮೇರಿಕದ ಕತೆ ಎನ್ನುವವರು ನಮ್ಮ ದೇಶದ ವಿಮೆಯ ಕಾನೂನನ್ನು ಒಮ್ಮೆ ನೋಡಲಿ. ಇಲ್ಲಿ ಕ್ಯಾಮೆರಾ ಇಲ್ಲದೆಯೇ ಕೂತ ಜಾಗದ ಮೇಲೆ ಹೆಣದ ಬೆಲೆ ನಿಶ್ಚಯವಾಗುತ್ತಿದೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋದ ಪ್ರಯಾಣಿಕನ ಸಾವಿಗೆ ವಿಮಾ ಕಂಪೆನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರ್‌ನಲ್ಲಿ ಆಶಾ ರಾಣಿ ಮೊಕದ್ದಮೆಯಲ್ಲಿ ಹೇಳಿತು. ಸರಕಿನ ಯಜಮಾನನಿಗೆ 1994ರ ತಿದ್ದುಪಡಿಯಿಂದ ರಕ್ಷಣೆಯೇನೋ ಇದೆ. ಆದರೆ 2007ರ ಚೊಲ್ಲೇಟಿ ಭಾರತಮ್ಮ ಮೊಕದ್ದಮೆಯ ತೀರ್ಪಿನ ಪ್ರಕಾರ ಅವನು ಕೂತಿರಬೇಕಾದದ್ದು ಚಾಲಕನ ಕ್ಯಾಬಿನ್ನಿನೊಳಗೆ. ಹಿಂದೆ ಮೂಟೆಯ ಮೇಲೆ ಕೂತರೆ ರಕ್ಷಣೆ ಜಾರುತ್ತದೆ. ಸಣ್ಣ ವ್ಯಾಪಾರಿ ಬಂಧುಗಳು ಇದನ್ನು ಎರಡು ಸಲ ಓದಬೇಕು. ಸಂತೆಗೆ ಈರುಳ್ಳಿ, ಬಾಳೆ, ಬಟ್ಟೆಯ ಗಂಟು ಸಾಗಿಸುವಾಗ ನಿಮ್ಮಲ್ಲಿ ಎಷ್ಟು ಜನ ಕ್ಯಾಬಿನ್ನಿನಲ್ಲಿ ಕೂರುತ್ತೀರಿ? ಅಲ್ಲಿ ಇರುವುದೇ ಎರಡು ಜನರ ಜಾಗ.

2025ರ ಜನವರಿ 22ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಅರಬೈಲು ಘಟ್ಟದ ಬಳಿ ಕಂದರಕ್ಕೆ ಉರುಳಿತು. ಹಣ್ಣು ತರಕಾರಿ ಮಾರುವ ಇಪ್ಪತ್ತೈದಕ್ಕೂ ಹೆಚ್ಚು ಜನ ಸರಕಿನೊಂದಿಗೆ ಅದರಲ್ಲಿದ್ದರು. ಹತ್ತು ಮಂದಿ ಸತ್ತರು. ಅದಕ್ಕೆ ಮುಂಚೆ 2022ರ ಆಗಸ್ಟ್ 25ರಂದು ಶಿರಾ ಬಳಿ ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟವರ ಕ್ರೂಸರ್ ಗಾಡಿ ಲಾರಿಗೆ ಬಡಿದು ಒಂಬತ್ತು ಜನ, ಮಕ್ಕಳೂ ಸೇರಿ, ಸತ್ತಿದ್ದರು. ಇವರ ಭಂಗಿಯನ್ನು ತಿಳಿಯಲು ಯಾವ ರಾಡಾರ್ ಬೇಕಿತ್ತು? ಹಗಲು ಕಣ್ಣಿಗೆ ಕಾಣುವುದನ್ನು ಕಾಣದವರಿಗೆ ಕತ್ತಲಲ್ಲಿ ಕಾಣುವ ಕ್ಯಾಮೆರಾ ಕೊಟ್ಟು ಏನು ಫಲ?

ಯಂತ್ರದ ಮೇಲಿನ ಭಕ್ತಿಗೂ ಒಂದು ಮಿತಿ ಇರಬೇಕು. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಉರುಳಿ ಬಿದ್ದು ವೋಲ್ವೊ ಕಾರಿನಲ್ಲಿದ್ದ ಆರು ಮಂದಿ ಸ್ಥಳದಲ್ಲೇ ಸತ್ತರು. ಅದೇ ಪಟ್ಟಿ ಕಂಡುಹಿಡಿದ ಕಂಪೆನಿಯ ಕಾರು. ಹಣವಂತರಿಗೂ ರಸ್ತೆ ಒಂದೇ. ಲಾರಿಯ ವೇಗ, ಚಾಲಕನ ನಿದ್ದೆ, ರಸ್ತೆಯ ವಿಭಜಕ ಸರಿಯಿಲ್ಲದೆ ಕಾರಿನೊಳಗಣ ಸುಖಾಸನ ಒಂದರಿಂದಲೇ ಜೀವ ಉಳಿಯುವುದಿಲ್ಲ.

ಸರಕಾರದ ಕಣ್ಣು ಎಲ್ಲಿ ಇದೆ ಎಂಬುದನ್ನು ನಮ್ಮ ರಸ್ತೆಯೇ ತೋರಿಸುತ್ತದೆ. ರಾಷ್ಟ್ರೀಯ ಹೆದ್ದಾರಿ 275 ಬೆಂಗಳೂರಿನಿಂದ ಮೈಸೂರು, ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ ದಾಟಿ ಬಂಟ್ವಾಳಕ್ಕೆ ಹೋಗುತ್ತದೆ. ಇದರ ಬೆಂಗಳೂರು ಮೈಸೂರು ಭಾಗದಲ್ಲಿ ಪಟ್ಟಿ ಕಟ್ಟದವರನ್ನು ತಾನಾಗಿ ಹಿಡಿಯುವ ಕ್ಯಾಮೆರಾಗಳಿವೆ. ದಂಡದ ಸಂದೇಶ ನೇರ ಫೋನಿಗೆ ಬರುತ್ತದೆ. ಅದೇ ಹೆದ್ದಾರಿಯ ಆನೆಕಾಡಿನಿಂದ ಬೋಯಿಕೇರಿಯವರೆಗಿನ ತಿರುವುಗಳಲ್ಲಿ ಹಗ್ಗ ಹಿಡಿದು ನಿಂತು ಹೋಗುವವರಿಗೆ ಕಟ್ಟಲು ಪಟ್ಟಿಯೇ ಇಲ್ಲ, ಆದ್ದರಿಂದ ಪಟ್ಟಿ ಕಟ್ಟದ ಅಪರಾಧವೂ ಇಲ್ಲ! ಹೆಚ್ಚುವರಿ ಜನರನ್ನು ತುಂಬಿದ ಗಾಡಿಗೆ ಕಾಯಿದೆಯ 194ಎ ಕಲಮಿನಂತೆ ತಲೆಗೆ 200 ರೂಪಾಯಿ ದಂಡ. ಅದೇ ಕಲಮು ಮತ್ತೊಂದು ಮಾತನ್ನೂ ಹೇಳುತ್ತದೆ: ಹೆಚ್ಚುವರಿ ಜನರನ್ನು ಇಳಿಸಿ ಅವರಿಗೆ ಬದಲಿ ಗಾಡಿ ಏರ್ಪಡಿಸುವವರೆಗೆ ಆ ಗಾಡಿ ಹೊರಡಕೂಡದು. ಇಳಿಸಿದ್ದನ್ನು ನಾವು ಕಂಡಿದ್ದೇವೆ. ಬದಲಿ ಗಾಡಿ ಬಂದದ್ದನ್ನು ಇದುವರೆಗೂ ಕಂಡಿಲ್ಲ. ಇಳಿದವರು ತೋಟಕ್ಕೆ ನಡೆದು ಹೋಗುತ್ತಾರೆ, ತಡವಾದ ಕಾರಣಕ್ಕೆ ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಾರೆ.

ಗಾಡಿಯ ಚಾಲಕನನ್ನು ಬೈದರೆ ತೀರಿತೇ? ಅವನೂ ದಿನಗೂಲಿಯವನೇ. ಎರಡು ಸಲ ಓಡಿಸಲು ಡೀಸೆಲ್ ಕೊಡುವುದಿಲ್ಲ, ಒಂದೇ ಸಲಕ್ಕೆ ಎಲ್ಲರನ್ನೂ ತಂದು ಬಿಡು ಎಂದು ಹೇಳುವವರು ಬೇರೆಯವರು. ಚಾಲಕನಿಲ್ಲದ ಕಾರಿನಿಂದ ಇವನ ಅನ್ನಕ್ಕೂ ಸಂಚಕಾರವಿದೆ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿ ಒಮ್ಮೆ, 2023ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ, ಚಾಲಕರ ಕೆಲಸ ಕಿತ್ತುಕೊಳ್ಳುವ ಇಂಥ ಕಾರುಗಳನ್ನು ಭಾರತಕ್ಕೆ ಬರಗೊಡುವುದಿಲ್ಲವೆಂದು ಹೇಳಿದ್ದಾರೆ. ಮಾತು ಒಳ್ಳೆಯದೇ. ಆದರೆ ಸಚಿವರ ಮಾತು ಕಾನೂನಲ್ಲ. 2019ರ ವಿನಾಯಿತಿಯ ಕಲಮು ಕಾನೂನು. ಯಾವುದು ಹೆಚ್ಚು ಕಾಲ ಬಾಳುತ್ತದೆಂದು ಓದುಗರೇ ಊಹಿಸಬಹುದು.

ಯಂತ್ರ ಬೇಡವೆನ್ನುವವರು ನಾವಲ್ಲ. ಕೂಡ್ಲೂರಿನ ಕಾಫಿ ಸಂಸ್ಕರಣಾ ಕಾರ್ಖಾನೆಗಳಲ್ಲಿ ದುಡಿಯುವ ಸಂಗಾತಿಗಳಿಗೆ ಗೊತ್ತು: ಬೆಲ್ಟಿಗೆ ತಡೆಗಂಬಿ ಹಾಕಿಸಿದ್ದು ಯಂತ್ರದ ಮೇಲಿನ ದ್ವೇಷದಿಂದಲ್ಲ, ಬೆರಳಿನ ಮೇಲಿನ ಪ್ರೀತಿಯಿಂದ. ಹಾಗೆಯೇ ಈ ಭಂಗಿ ನೋಡುವ ಯಂತ್ರಕ್ಕೂ ತಡೆಗಂಬಿ ಬೇಕು. ಅದು ಪ್ರಯಾಣಿಕನನ್ನು ಎಚ್ಚರಿಸಲಿ, ಗಾಡಿಯನ್ನು ನಿಧಾನಗೊಳಿಸಲಿ, ಬೇಕಿದ್ದರೆ ನಿಲ್ಲಿಸಲಿ. ಆದರೆ ಅದು ಬರೆದಿಟ್ಟ ಲೆಕ್ಕವನ್ನು ತೋರಿಸಿ ಪರಿಹಾರ ಕಡಿಮೆ ಮಾಡಕೂಡದೆಂದು ಕಾಯಿದೆಯಲ್ಲಿಯೇ ಬರೆಯಬೇಕು. ಅಪಘಾತವಾಗದ ಪ್ರಯಾಣದ ಚಿತ್ರವನ್ನು ಪ್ರಯಾಣ ಮುಗಿದ ಕೂಡಲೆ ಅಳಿಸಬೇಕು. ಅಪಘಾತವಾದರೆ ಅದರ ಪ್ರತಿ ಕಂಪೆನಿಗೆ ಸಿಗುವ ದಿನವೇ ಗಾಯಗೊಂಡವನ ಮನೆಯವರಿಗೂ ಸಿಗಬೇಕು, ಮತ್ತು ಗಾಡಿಯ ಲೆಕ್ಕಾಚಾರದ ದಾಖಲೆಯೂ ಜೊತೆಗೇ ಹೊರಬರಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಒಪ್ಪಿಗೆ ಕೇಳಬೇಕೆನ್ನುತ್ತದೆ. ಆಸ್ಪತ್ರೆಗೆ ಅವಸರದಲ್ಲಿ ಹೊರಟವನು ಫೋನಿನ ಮೇಲೆ ಒತ್ತುವ ಒಪ್ಪಿಗೆಗೂ, ನಮ್ಮ ಅಜ್ಜಂದಿರು ಮುಂಗಡದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟಿಗೂ ಹೆಚ್ಚಿನ ಅಂತರವನ್ನು ನಾವು ಕಾಣೆವು.

ಇಷ್ಟು ಬರಲಿರುವ ಕಾರಿನ ಮಾತಾಯಿತು. ಈಗ ಓಡುತ್ತಿರುವ ಪಿಕಪ್ಪಿನ ಮಾತು.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತ ಕೆಲಸದ ಅಪಘಾತವಲ್ಲ ಎಂದು ಮಾಲಿಕರು ಹೇಳುತ್ತ ಬಂದಿದ್ದಾರೆ. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ರಾತ್ರಿ ಪಾಳಿಗೆ ಹೋಗುತ್ತ ದಾರಿಯಲ್ಲಿ ಸತ್ತ. ಅವನ ಮನೆಯವರ ಮೊಕದ್ದಮೆಯಲ್ಲಿ 2025ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ, ಹೊತ್ತು, ಸ್ಥಳ, ಸಂದರ್ಭಗಳಿಗೆ ಕೆಲಸದೊಡನೆ ಸಂಬಂಧವಿದ್ದರೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಪರಿಹಾರದ ಕಾಯಿದೆಯೊಳಗೆ ಬರುತ್ತದೆಂದು ತೀರ್ಪು ಕೊಟ್ಟಿತು. ಇಪ್ಪತ್ತೆರಡು ವರ್ಷ ಕಾದದ್ದಕ್ಕೆ ಬಂದ ತೀರ್ಪು. ಮಿಲ್ಲಿನ ಕೆಲಸಗಾರರೂ ತೋಟದವರೂ ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ತೋಟದವರೇ ಗಾಡಿ ಕಳಿಸಿ ಕರೆಸಿಕೊಂಡ ಮೇಲೆ ದಾರಿಗೆ ತಾವು ಹೊಣೆಯಲ್ಲವೆಂದು ಹೇಳುವುದು ಇನ್ನು ಸುಲಭವಾಗದು.

ಬಸ್ಸಿನ ಪ್ರಶ್ನೆಯೂ ಇದರೊಳಗೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಬಿಟ್ಟಿ. ಆದರೆ ಕೊಡಗಿನ ಒಳದಾರಿಗಳಲ್ಲಿ ಬಹಳ ಕಡೆ ಓಡುವುದು ಖಾಸಗಿ ಬಸ್ಸು, ಅಲ್ಲಿ ಆ ಸೌಲಭ್ಯವಿಲ್ಲ. ತೋಟದ ಕೆಲಸ ಶುರುವಾಗುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ತಾಳೆಯಿಲ್ಲ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಸುಂಟಿಕೊಪ್ಪದಿಂದ ಮಾದಾಪುರ, ಚೆಟ್ಟಳ್ಳಿ, ನಾಕೂರು ಶಿರಂಗಾಲ, ಕೆದಕಲ್ ಕಡೆಗೆ ಒಂದೊಂದು ಸರಕಾರಿ ಬಸ್ಸು, ಸಂಜೆ ಅದೇ ಹೊತ್ತಿನ ಲೆಕ್ಕದಲ್ಲಿ ಹಿಂದಕ್ಕೆ. ಬಸ್ಸು ಹೋಗದ ತೋಟಕ್ಕೆ ಆಸನವಿರುವ, ಜನ ಸಾಗಿಸುವ ಪರವಾನಗಿಯೂ ವಿಮೆಯೂ ಇರುವ ಗಾಡಿಯನ್ನು ತೋಟದವರೇ ಗೊತ್ತುಮಾಡಬೇಕು. ಸಂತೆ ವ್ಯಾಪಾರಿಗಳಿಗೆ ಸರಕು ಬೇರೆ, ಜನ ಬೇರೆಯಾಗಿ ಸಾಗುವಂತೆ ಸಂತೆಯ ದಿನ ಒಂದು ಬಸ್ಸು ಮುಂಜಾನೆ ಹೊರಡಬೇಕು. ಕೃತಕ ಬುದ್ಧಿಯ ಕಾರಿಗೆ ಆಗುವ ಖರ್ಚಿನ ಪಕ್ಕದಲ್ಲಿ ಇದು ಎಷ್ಟರ ಮಾತು?

ಈ ಬೇಡಿಕೆಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದಿಡಲು ನಾವು ತಯಾರಾಗುತ್ತಿದ್ದೇವೆ. ಬರಿಯ ಭಾಷಣದಿಂದ ಅಲ್ಲಿ ಕೆಲಸವಾಗದು, ಲೆಕ್ಕ ಬೇಕು. ಮುಂದಿನ ಎರಡು ವಾರ ನೀವು ಯಾವ ಊರಿನಿಂದ ಯಾವ ಕಡೆಗೆ, ಎಷ್ಟು ಗಂಟೆಗೆ, ಎಂಥ ಗಾಡಿಯಲ್ಲಿ ಹೋಗುತ್ತೀರಿ, ಅದರಲ್ಲಿ ಎಷ್ಟು ಜನ ಕೂತಿದ್ದರು, ಎಷ್ಟು ಜನ ನಿಂತಿದ್ದರು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ನಿಮ್ಮ ಹೆಸರಾಗಲಿ ಚಾಲಕನ ಹೆಸರಾಗಲಿ ಬೇಡ. ಸಂತೆಯ ದಿನ ಮಧ್ಯಾಹ್ನ ಬಸ್ ನಿಲ್ದಾಣದ ಎದುರು ನಾವು ಇರುತ್ತೇವೆ, ಹಾಳೆಗಳನ್ನು ಅಲ್ಲಿಗೆ ತಂದು ಕೊಡಿ.